ಮುದ್ದತು ಮುಗಿಯುವ ಮುನ್ನ: ಬಾಕಿ, ಆಸ್ತಿ, ಅಪರಾಧ – ಯಾವುದಕ್ಕೆ ಎಷ್ಟು ಕಾಲ?

‘ಮೂರು ವರ್ಷ ದಾಟೇತಿ, ಇನ್ನ ರೊಕ್ಕ ಮುಳುಗಿದಂಗನ ಏನ್ರಿ?’ ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳೂ ಇದನ್ನೇ ಕೇಳುತ್ತಾರೆ, ಬೆಟಗೇರಿಯ ನೇಕಾರರೂ ಇದನ್ನೇ ಕೇಳುತ್ತಾರೆ. ಧಾರವಾಡದ ಅಕ್ಕನೊಬ್ಬರ ಪ್ರಶ್ನೆ ಬೇರೆ, ಅದು ವಾಟ್ನಿಯದು, ಅಂದರೆ ಆಸ್ತಿಯ ಪಾಲಿನದು: ‘ಅಣ್ಣಂದಿರು ವಾಟ್ನಿ ಕೊಟ್ಟಿಲ್ಲ, ಹದಿನೈದು ವರ್ಷ ಆತು, ಈಗ ದಾವೆ ಹಾಕಿದ್ರ ನಡೀತದೇನ್ರಿ?’ ವ್ಯಾಪಾರಿಯ ಮುದ್ದತು ಮುಗಿದಿರಬಹುದು, ಅಕ್ಕನದು ಇನ್ನೂ ಶುರುವೇ ಆಗದೆ ಇರಬಹುದು. ಪ್ರತಿಯೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಇಡುತ್ತಿದ್ದೇನೆ.

ವಕೀಲರು ಲಿಮಿಟೇಶನ್ ಅನ್ನುವುದು, ನಾವು ಮುದ್ದತು ಅಥವಾ ಕಾಲಮಿತಿ ಅನ್ನುವುದು ಒಂದೇ: ಕೋರ್ಟಿನ ಬಾಗಿಲು ನಿಮಗಾಗಿ ತೆರೆದಿರುವ ಅವಧಿ. ಸಿವಿಲ್ ವ್ಯಾಜ್ಯಗಳಿಗೆ ಇದನ್ನು ಗೊತ್ತು ಮಾಡುವುದು 1963ರ ಕಾಲಮಿತಿ ಕಾಯ್ದೆ. ಇದು 1964ರ ಜನವರಿ 1ರಿಂದ ಜಾರಿಯಲ್ಲಿದೆ. ಇದರ 3ನೇ ಕಲಂ ಬಹಳ ಕಠಿಣ. ಎದುರಿನವರು ‘ಅವಧಿ ಮೀರಿದೆ’ ಎಂದು ಬಾಯಿ ಬಿಡದಿದ್ದರೂ ನ್ಯಾಯಾಧೀಶರೇ ಲೆಕ್ಕ ಹಾಕಿ ದಾವೆಯನ್ನು ವಜಾ ಮಾಡಬೇಕು. ನಿಮ್ಮ ರೊಕ್ಕ ನಿಜವಾಗಿಯೂ ಬರಬೇಕಿತ್ತೇ ಎಂಬುದು ಆಗ ಚರ್ಚೆಗೇ ಬರುವುದಿಲ್ಲ.

ಇದೊಂದನ್ನು ಮೊದಲೇ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮಾತುಕತೆಯಿಂದ ಮುದ್ದತು ನಿಲ್ಲುವುದಿಲ್ಲ. ಹಿರಿಯರ ಪಂಚಾಯ್ತಿ ನಡೆದರೂ, ‘ಸುಗ್ಗಿ ಆದ ಮ್ಯಾಲೆ ಕೊಡ್ತೀನಿ’ ಎಂದು ಅವರು ನಾಲ್ಕು ಜನರ ಎದುರು ಹೇಳಿದರೂ, ನೀವು ವಕೀಲರಿಂದ ನೋಟಿಸು ಕೊಡಿಸಿದರೂ ದಿನಗಳು ಓಡುತ್ತಲೇ ಇರುತ್ತವೆ. ಸಾಲದ ವಿಷಯದಲ್ಲಿ ಹೊಸ ಮುದ್ದತು ಸಿಗುವುದು ಸಾಲ ಪಡೆದವರ ಸಹಿ ಇರುವ ಕಾಗದದಿಂದ ಅಥವಾ ಅವರು ಬರವಣಿಗೆಯಲ್ಲಿ ಒಪ್ಪಿ ಮಾಡಿದ ಪಾವತಿಯಿಂದ. ಅವೆರಡೂ ಇಲ್ಲದಿದ್ದರೆ ಅವಧಿಯೊಳಗೆ ದಾವೆ ದಾಖಲಾಗಲೇಬೇಕು. ನಮ್ಮ ಬಳಗದಲ್ಲೇ ಒಬ್ಬರು, ಬೀಗರ ಮನೆಗೆ ಕೊಟ್ಟ ಕೈಗಡ ಕೇಳಲು ಮುಲಾಜು ಪಟ್ಟು, ವಕೀಲರ ಬಳಿ ಹೋಗುವ ಹೊತ್ತಿಗೆ ಮೂರು ವರ್ಷದ ಮೇಲೆ ಎರಡು ತಿಂಗಳಾಗಿತ್ತು.

ಮೊದಲು ಕಾಗದ ಕೂಡಿಸಿ: ಪ್ರೋನೋಟು, ಕರಾರು ಪತ್ರ, ಬಿಲ್ಲು, ಬ್ಯಾಂಕ್ ಪಾಸ್‌ಬುಕ್ಕು, ಹೊಲ ಮನೆಯದಾದರೆ ಉತಾರ ಮತ್ತು ಖರೇದಿ ಪತ್ರ. ಒಂದು ಹಾಳೆಯ ಮೇಲೆ ತಾರೀಖುಗಳನ್ನು ಸಾಲಾಗಿ ಬರೆಯಿರಿ. ಯಾವತ್ತು ಕೊಟ್ಟಿದ್ದು, ಯಾವತ್ತು ಕೊಡುವ ಮಾತಿತ್ತು, ಕೊನೆಯ ಪಾವತಿ ಯಾವತ್ತು, ಯಾವತ್ತು ‘ಕೊಡಂಗಿಲ್ಲ’ ಅಂದರು. ಮುಂದಿನದೆಲ್ಲ ನಿಂತಿರುವುದು ಆ ಹಾಳೆಯ ಮೇಲೆ.

1. ನಿಮ್ಮ ತಕರಾರು ಯಾವ ಬಗೆಯದು ನೋಡಿ

ಕೊಟ್ಟ ಸಾಲ, ಉದ್ರಿ ಮಾಲು, ಮಾಡಿದ ಕೆಲಸದ ಕೂಲಿ, ಬಾಡಿಗೆ ಬಾಕಿ, ಕರಾರು ಮುರಿದದ್ದು: ಇವಕ್ಕೆಲ್ಲ 3 ವರ್ಷ. ಸ್ಥಿರಾಸ್ತಿಯ ಸ್ವಾಧೀನ ಮರಳಿ ಪಡೆಯಲು 12 ವರ್ಷ. ಅಡಮಾನದ ಮೇಲೆ ಕೊಟ್ಟ ಹಣವನ್ನು ಆ ಆಸ್ತಿಯಿಂದ ವಸೂಲು ಮಾಡಲು 12 ವರ್ಷ. ಅಡವಿಟ್ಟವರು ಆಸ್ತಿ ಬಿಡಿಸಿಕೊಳ್ಳಲು 30 ವರ್ಷ. ಮಾನಹಾನಿಗೆ ಪರಿಹಾರ ಕೇಳುವ ಸಿವಿಲ್ ದಾವೆಗೆ ಬರೇ 1 ವರ್ಷ. ಸರಕಾರವೇ ದಾವೆ ಹೂಡುವುದಾದರೆ ಸಾಮಾನ್ಯವಾಗಿ 30 ವರ್ಷ. ಎಲ್ಲಿಯೂ ಹೆಸರಿಸದ ದಾವೆಗಳಿಗೆ 3 ವರ್ಷ.

ಕೋರ್ಟಿನ ಆಚೆ ಬೇರೆ ಕಾಯ್ದೆಗಳ ಮುದ್ದತು ಬೇರೆ. ಗ್ರಾಹಕರ ಆಯೋಗಕ್ಕೆ ದೂರು ಕೊಡಲು 2 ವರ್ಷ. ವಾಹನ ಅಪಘಾತದ ಪರಿಹಾರಕ್ಕೆ ಕಾಯ್ದೆಯಲ್ಲಿ ಈಗ ಇರುವುದು 6 ತಿಂಗಳು. ಈ ಮಿತಿ 2022ರ ಏಪ್ರಿಲ್ 1ರಿಂದ ಬಂದಿದೆ. ಹುಬ್ಬಳ್ಳಿ–ಧಾರವಾಡ ಬೈಪಾಸಿನಲ್ಲಿ ಮನೆಯವರಿಗೆ ಅಪಘಾತವಾದರೆ ದುಃಖದ ನಡುವೆ ಆರು ತಿಂಗಳು ಗೊತ್ತಾಗದಂತೆ ಕಳೆದು ಹೋಗುತ್ತವೆ. ಹಾಗಾಗಿ ಮನೆಯಲ್ಲಿ ಯಾರಾದರೂ ಒಬ್ಬರಿಗೆ ಈ ಕೆಲಸವನ್ನು ಒಪ್ಪಿಸಿಬಿಡಿ.

2. ಗಡಿಯಾರ ಯಾವ ದಿನ ಶುರುವಾಯಿತು?

ಜನ ಹೆಚ್ಚು ಎಡವುವುದು ಇಲ್ಲಿ. ‘ನಾನು ಕೇಳಿದ್ದು ಹೋದ ವರ್ಷ, ಅವತ್ತಿನಿಂದ ಮೂರು ವರ್ಷ’ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ತಪ್ಪು. ‘ಕೇಳಿದಾಗ ಕೊಡುತ್ತೇನೆ’ ಎಂಬ ಕರಾರಿನ ಸಾಲಕ್ಕೂ, ಬೇಡಿಕೆ ಪ್ರೋನೋಟಿಗೂ ಮೂರು ವರ್ಷ ಎಣಿಸುವುದು ಸಾಲ ಕೊಟ್ಟ ಅಥವಾ ಪ್ರೋನೋಟು ಬರೆದ ದಿನದಿಂದ. ನೀವು ಕೇಳಿದ ದಿನಕ್ಕೆ ಲೆಕ್ಕದಲ್ಲಿ ಜಾಗವಿಲ್ಲ. ಕೊಡುವ ತಾರೀಖು ಬರೆದಿದ್ದರೆ ಮಾತ್ರ ಆ ತಾರೀಖಿನಿಂದ ಎಣಿಕೆ. ಹೀಗಾಗಿ ಸಾಲ ಕೊಡುವಾಗ ಮರಳಿಸುವ ದಿನವನ್ನು ಕಾಗದದಲ್ಲಿ ಬರೆಸಿ.

ಬಲ್ಲವರ ಬಳಿ ಕಾಪಾಡಲೆಂದು ಠೇವಣಿ ಇಟ್ಟ ಹಣದ ದಾರಿ ಬೇರೆ. ಕೇಳಿದಾಗ ಕೊಡಬೇಕಾದ ಠೇವಣಿಗೆ ಮುದ್ದತು ಶುರುವಾಗುವುದು ನೀವು ಕೇಳಿದ ದಿನ. ಎದುರಿನ ವಕೀಲರು ಅದು ಸಾಲವೇ ಎಂದು ವಾದಿಸುತ್ತಾರೆ. ಕಾಗದದಲ್ಲಿ ‘ಠೇವಣಿ’ ಎಂದು ಬರೆದಿದೆಯೇ ನೋಡಿ.

ಇನ್ನು ಉದ್ರಿ. ಕಿರಾಣಿ ಅಂಗಡಿಯವರು, ಗೊಬ್ಬರ ಬೀಜದ ಅಂಗಡಿಯವರು ಇದನ್ನು ನಿಧಾನಕ್ಕೆ ಓದಿಕೊಳ್ಳಿ. ಇಂತಿಷ್ಟು ದಿನದ ಉದ್ರಿ ಎಂದು ಮಾತಾಗದಿದ್ದರೆ ಮಾಲು ಕೊಟ್ಟ ದಿನದಿಂದಲೇ ಮೂರು ವರ್ಷ. ತಿಂಗಳಿಗೊಂದು ಬಿಲ್ಲು ಇದ್ದರೆ ಒಂದೊಂದು ಬಿಲ್ಲಿಗೂ ತನ್ನದೇ ಮೂರು ವರ್ಷ. ಕೊನೆಯ ಬಿಲ್ಲು ಹೊಸದು ಎಂದು ಹಳೆಯವೂ ಬದುಕಿರುತ್ತವೆ ಅಂದುಕೊಳ್ಳಬೇಡಿ. ಕಡೆಯ ಬಾಬಿನಿಂದ ಎಣಿಸುವ ಅವಕಾಶ ಇರುವುದು ಪರಸ್ಪರ ಖಾತೆಗೆ ಮಾತ್ರ. ಅಂದರೆ ಒಮ್ಮೆ ಇವರು ಅವರಿಗೆ ಕೊಡಬೇಕಾಗುವುದು, ಇನ್ನೊಮ್ಮೆ ಅವರು ಇವರಿಗೆ ಕೊಡಬೇಕಾಗುವುದು, ಹೀಗೆ ಎರಡೂ ಕಡೆಯಿಂದ ಬೇಡಿಕೆ ಹುಟ್ಟುವ ಲೆಕ್ಕ. ಅಮರಗೋಳದ ಎಪಿಎಂಸಿಯಲ್ಲಿ ಇಬ್ಬರು ವ್ಯಾಪಾರಸ್ಥರು ಒಬ್ಬರಿಂದೊಬ್ಬರು ಮಾಲು ತರಿಸಿಕೊಳ್ಳುತ್ತಿದ್ದರೆ ಅದು ಅಂಥ ಖಾತೆಯಾಗಬಹುದು. ಅಲ್ಲಿ ಕೊನೆಯ ಬಾಬು ಬಿದ್ದ ವರ್ಷದ ಕೊನೆಯಿಂದ ಮೂರು ವರ್ಷ. ವರ್ಷವನ್ನು ಖಾತೆ ಪುಸ್ತಕದಲ್ಲಿ ಇರುವಂತೆ ಹಿಡಿಯಬೇಕು. ದೀಪಾವಳಿ ಪಾಡ್ಯಕ್ಕೆ ಹೊಸ ವಹಿ ತೆರೆಯುವವರಿಗೆ ಪಾಡ್ಯದಿಂದ ಪಾಡ್ಯ. ಒಂದು ಕಡೆಯಿಂದ ಬರೇ ಮಾಲು, ಇನ್ನೊಂದು ಕಡೆಯಿಂದ ಬರೇ ರೊಕ್ಕ ಹೋಗುವ ಕಿರಾಣಿ ಉದ್ರಿ ಇದರೊಳಗೆ ಬರುವುದಿಲ್ಲ.

ಹೊಲ ಮನೆಯ ಖರೀದಿಗೆ ಸಂಚಕಾರ ಕೊಟ್ಟವರಿಗೆ, ಖರೇದಿ ಬರೆದುಕೊಡುವಂತೆ ದಾವೆ ಹೂಡಲು ಪತ್ರದಲ್ಲಿ ನಿಗದಿಯಾದ ದಿನದಿಂದ 3 ವರ್ಷ. ದಿನ ನಿಗದಿಯಾಗಿಲ್ಲದಿದ್ದರೆ, ಅವರು ಬರೆದುಕೊಡುವುದಿಲ್ಲ ಎಂದು ನಿಮಗೆ ಗೊತ್ತಾದ ದಿನದಿಂದ. ‘ಮುಂದಿನ ಯುಗಾದಿಗೆ ನೋಡೋಣು’ ಎಂದು ಬಾಯಿಮಾತಿನಲ್ಲಿ ಮುಂದೂಡುತ್ತ ಹೋಗಿ ನಿಗದಿಯಾದ ದಿನದ ಮೇಲೆ ಮೂರು ವರ್ಷ ಕಳೆದುಕೊಂಡವರು ಬಹಳ. ಮುಂದೂಡಿದರೆ ಅದನ್ನೂ ಬರೆಸಿ, ಇಬ್ಬರೂ ಸಹಿ ಮಾಡಿ.

3. ಕೊನೆಯ ದಿನ ಎಣಿಸಿ

ಶುರುವಾದ ದಿನವನ್ನು ಎಣಿಕೆಯಲ್ಲಿ ಬಿಡಬೇಕು. 2023ರ ಜೂನ್ 10ಕ್ಕೆ ಕೊಟ್ಟ ಕೈಗಡಕ್ಕೆ ಕೊನೆಯ ದಿನ 2026ರ ಜೂನ್ 10. ಅವತ್ತು ಕೋರ್ಟಿಗೆ ರಜೆ ಇದ್ದರೆ ಮತ್ತೆ ತೆರೆದ ದಿನವೇ ಸಲ್ಲಿಸಬಹುದು. ಬೇಸಿಗೆ ರಜೆ, ದಸರಾ ರಜೆಗೂ ಇದೇ ನಿಯಮ. ತೆರೆದ ಮರುದಿನ ಹೋದರೆ ಆಗದು. ಕಾಯ್ದೆ ನಡೆಯುವುದು ಇಂಗ್ಲಿಷ್ ಕ್ಯಾಲೆಂಡರಿನ ಮೇಲೆ. ಪತ್ರದಲ್ಲಿ ‘ಶೀಗಿ ಹುಣ್ಣಿಮೆಗೆ ಕೊಡತಕ್ಕದ್ದು’ ಎಂದಿದ್ದರೆ ಆ ವರ್ಷದ ಹುಣ್ಣಿಮೆ ಯಾವ ತಾರೀಖಿಗೆ ಬಿತ್ತೋ ಅಲ್ಲಿಂದ ತಾರೀಖಿನ ಲೆಕ್ಕ ಹಿಡಿಯಿರಿ. ಮುಂದೆ ತಿಥಿಯಿಂದ ತಿಥಿಗೆ ಎಣಿಸಬೇಡಿ.

4. ಮುಗಿಯುವ ಮೊದಲು ಮುದ್ದತು ಹೊಸದು ಮಾಡಿಸಿ

ಸಂಬಂಧ ಕೆಡಿಸಿಕೊಳ್ಳದೆ ಹಕ್ಕು ಉಳಿಸಿಕೊಳ್ಳುವ ದಾರಿ ಇದು. ಇಷ್ಟು ಸರಳ ದಾರಿಯನ್ನು ಜನ ಬಳಸುವುದಿಲ್ಲವಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕಾಯ್ದೆಯ 18ನೇ ಕಲಮಿನ ಪ್ರಕಾರ, ಅವಧಿ ಮುಗಿಯುವ ಮೊದಲೇ ಸಾಲಗಾರರು ಬಾಕಿ ಇರುವುದನ್ನು ಬರೆದು ಒಪ್ಪಿ ಸಹಿ ಮಾಡಿದರೆ, ಆ ಸಹಿಯ ದಿನದಿಂದ ಹೊಸ ಮೂರು ವರ್ಷ ಸಿಗುತ್ತದೆ. ಬರಹ ಇಷ್ಟಿದ್ದರೆ ಸಾಕು: ‘ತಾ. 10-6-2023ರಂದು ನಿಮ್ಮಿಂದ ಪಡೆದ ರೂ. 2,00,000 ಸಾಲದಲ್ಲಿ ಇಂದಿಗೆ ರೂ. 1,50,000 ಬಾಕಿ ಇದೆ ಎಂದು ಒಪ್ಪಿದ್ದೇನೆ.’ ಕೆಳಗೆ ತಾರೀಖು, ಸಹಿ. ಓದು ಬರಹ ಬಾರದವರಾದರೆ ಹೆಬ್ಬಟ್ಟು, ಜೊತೆಗೆ ಇಬ್ಬರು ಸಾಕ್ಷಿದಾರರ ಸಹಿ. ‘ಲೆಕ್ಕ ಸರಿ ಮಾಡಿಟ್ಟುಕೊಳ್ಳೋಣ’ ಎಂದು ಕೇಳಿದರೆ ಯಾರೂ ಮುನಿಸಿಕೊಳ್ಳುವುದಿಲ್ಲ. ಬ್ಯಾಂಕಿನವರು ಮೂರು ವರ್ಷ ತುಂಬುವ ಮೊದಲು ಕರೆದು ಬಾಕಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಇದಕ್ಕಾಗಿಯೇ.

19ನೇ ಕಲಮಿನ ಪ್ರಕಾರ ಅಸಲಿನಲ್ಲಿ ಒಂದಷ್ಟು ಅಥವಾ ಬಡ್ಡಿ ಪಾವತಿಸಿದರೂ ಹೊಸ ಮುದ್ದತು ಶುರುವಾಗುತ್ತದೆ. ಆದರೆ ಆ ಪಾವತಿಯ ಬರಹ ಹಣ ಕಟ್ಟಿದವರ ಕೈಬರಹದಲ್ಲಿ ಇರಬೇಕು ಅಥವಾ ಅವರ ಸಹಿ ಇರಬೇಕು. ನಿಮ್ಮ ಡೈರಿಯಲ್ಲಿ ನೀವೇ ‘ಐದು ಸಾವಿರ ಬಂತು’ ಎಂದು ಬರೆದುಕೊಂಡರೆ ಅದರಿಂದ ಪ್ರಯೋಜನವಿಲ್ಲ. ಪ್ರೋನೋಟಿನ ಹಿಂಬದಿಯಲ್ಲಿ ಅವರ ಕೈಯಿಂದಲೇ ಬರೆಸಿ. ವಾಟ್ಸಾಪಿನಲ್ಲಿ ಬಂದ ಸಂದೇಶಗಳನ್ನು ಅಳಿಸಬೇಡಿ, ಹಾಗೆಂದು ಅವುಗಳನ್ನೇ ನಂಬಿ ಕೂರಬೇಡಿ.

ಎರಡು ಎಚ್ಚರಿಕೆ. ಸಹಿಯಾಗಲಿ ಪಾವತಿಯಾಗಲಿ ಮೂರು ವರ್ಷದ ಒಳಗೇ ಆಗಬೇಕು, ಒಂದು ದಿನ ತಡವಾದರೂ ಈ ಎರಡು ಕಲಮುಗಳಿಂದ ಉಪಯೋಗವಿಲ್ಲ. ಹಾಗೆಯೇ ಕೂಡಿ ಸಾಲ ಪಡೆದವರಲ್ಲಿ ಒಬ್ಬರು ಸಹಿ ಮಾಡಿದ ಮಾತ್ರಕ್ಕೆ ಇನ್ನೊಬ್ಬರು ಬದ್ಧರಾಗುವುದಿಲ್ಲ. ಜಾಮೀನು ನಿಂತವರಿಂದಲೂ ಬೇರೆಯಾಗಿ ಸಹಿ ಪಡೆಯಿರಿ.

5. ಚೆಕ್ ಬೌನ್ಸ್ ಆಗಿದ್ದರೆ ವರ್ಷದ ಲೆಕ್ಕ ಬಿಟ್ಟು ದಿನದ ಲೆಕ್ಕ ಹಿಡಿಯಿರಿ

ಚೆಕ್ಕಿನ ಆಯುಷ್ಯ ಅದರ ಮೇಲಿನ ತಾರೀಖಿನಿಂದ 3 ತಿಂಗಳು. ಅಷ್ಟರೊಳಗೆ ಬ್ಯಾಂಕಿಗೆ ಹಾಕಬೇಕು. ವಾಪಸಾದ ಸುದ್ದಿ ಬ್ಯಾಂಕಿನಿಂದ ನಿಮಗೆ ಸಿಕ್ಕ 30 ದಿನದೊಳಗೆ ಲಿಖಿತ ನೋಟಿಸು ಕೊಡಬೇಕು. ನೋಟಿಸು ಮುಟ್ಟಿದ ಮೇಲೆ ಹಣ ಕೊಡಲು ಅವರಿಗೆ 15 ದಿನ. ಕೊಡದಿದ್ದರೆ ಆ ನಂತರದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ದೂರು. ಉದಾಹರಣೆಗೆ, ಬ್ಯಾಂಕಿನ ಮೆಮೊ ಮಾರ್ಚ್ 3ಕ್ಕೆ ಸಿಕ್ಕರೆ ನೋಟಿಸು ಏಪ್ರಿಲ್ 2ರೊಳಗೆ ಹೋಗಬೇಕು. ಅದು ಏಪ್ರಿಲ್ 8ಕ್ಕೆ ಮುಟ್ಟಿದರೆ 23ರವರೆಗೆ ಕಾಯಬೇಕು. ದೂರನ್ನು ಮೇ 23ರೊಳಗೆ ಹಾಕಿದರೆ ನಿಶ್ಚಿಂತೆ.

ಇಲ್ಲಿ ಅವಸರವೂ ಅಪಾಯ. ಹದಿನೈದು ದಿನ ತುಂಬುವ ಮುನ್ನ ಹಾಕಿದ ದೂರು ನಿಲ್ಲುವುದಿಲ್ಲ. ದೂರು ಸಲ್ಲಿಸುವಲ್ಲಿ ಸ್ವಲ್ಪ ತಡವಾದರೆ ಸರಿಯಾದ ಕಾರಣ ತೋರಿಸಿ ಕ್ಷಮೆ ಕೇಳಬಹುದು. ನೋಟಿಸಿನ 30 ದಿನಕ್ಕೆ ಆ ಸೌಲಭ್ಯವಿಲ್ಲ. ನೋಟಿಸು ತಪ್ಪಿಹೋಗಿದ್ದು ಚೆಕ್ಕಿನ ಮೂರು ತಿಂಗಳು ಇನ್ನೂ ಉಳಿದಿದ್ದರೆ ಮತ್ತೊಮ್ಮೆ ಬ್ಯಾಂಕಿಗೆ ಹಾಕಿ. ಮತ್ತೆ ವಾಪಸಾದರೆ ಹೊಸ 30 ದಿನ. ಇದು ಶಿಕ್ಷೆಯ ದಾರಿ. ಇದು ಕೈತಪ್ಪಿದರೂ ಹಣಕ್ಕಾಗಿ ಮೂರು ವರ್ಷದ ಸಿವಿಲ್ ದಾವೆ ಬೇರೆಯಾಗಿ ಉಳಿದಿರುತ್ತದೆ.

6. ಹೊಲ, ಮನೆ, ವಾಟ್ನಿ

ಈಗ ಧಾರವಾಡದ ಅಕ್ಕನ ಪ್ರಶ್ನೆಗೆ ಬರುತ್ತೇನೆ. ಆಸ್ತಿ ಇನ್ನೂ ಒಟ್ಟಿನಲ್ಲೇ ಇದ್ದರೆ, ತಂದೆ ತೀರಿ ಹದಿನೈದು ವರ್ಷವಾಯಿತು ಎಂಬ ಕಾರಣಕ್ಕೇ ಹಕ್ಕು ಹೋಗುವುದಿಲ್ಲ. ಒಟ್ಟು ಕುಟುಂಬದ ಆಸ್ತಿಯಲ್ಲಿ ಪಾಲು ಕೇಳಲು 12 ವರ್ಷ ಎಣಿಸುವುದು ‘ನಿನಗಿದರಾಗ ಪಾಲಿಲ್ಲ’ ಎಂದು ಹೊರಗಿಟ್ಟದ್ದು ಅವರಿಗೆ ಗೊತ್ತಾದ ದಿನದಿಂದ. ಅಣ್ಣ ಉಳುಮೆ ಮಾಡುತ್ತಿದ್ದಾನೆ, ಉತಾರದಲ್ಲಿ ಅವನ ಹೆಸರಿದೆ ಎಂಬಷ್ಟರಿಂದಲೇ ಹೊರಗಿಟ್ಟಂತೆ ಆಗುವುದಿಲ್ಲ. ಒಬ್ಬ ಪಾಲುದಾರರ ಸ್ವಾಧೀನ ಎಲ್ಲರ ಪರವಾಗಿ ಎಂಬುದೇ ಮೂಲ ನಿಯಮ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಜಾರಿಗೆ ಬಂದದ್ದು 2005ರ ಸೆಪ್ಟೆಂಬರ್ 9ಕ್ಕೆ. ಅವತ್ತು ತಂದೆ ಬದುಕಿರಬೇಕೆಂದೇನಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಾಯಿತ ವಾಟ್ನಿ ಪತ್ರವಾಗಿದ್ದರೆ ಅಥವಾ ಕೋರ್ಟಿನ ಡಿಕ್ರಿ (ತೀರ್ಪಿನ ಆದೇಶ) ಆಗಿದ್ದರೆ ಅದನ್ನು ಈಗ ಕೆದಕಲು ಬರುವುದಿಲ್ಲ.

ಅಕ್ಕ ತಂಗಿಯರು ದಯವಿಟ್ಟು ಇದನ್ನು ಗಮನಿಸಿ. ‘ಸೊಸೈಟಿ ಸಾಲಕ್ಕ ಸಹಿ ಬೇಕಾಗೇತಿ’ ಎಂದು ಕರೆಸಿ ಹಕ್ಕುಬಿಟ್ಟ ಪತ್ರಕ್ಕೆ ಸಹಿ ಪಡೆದಿದ್ದರೆ, ಅದನ್ನು ರದ್ದು ಮಾಡಿಸಲು ಇರುವುದು 12 ವರ್ಷವಲ್ಲ, ಮೋಸ ಗೊತ್ತಾದ ದಿನದಿಂದ 3 ವರ್ಷ. ಗೊತ್ತಾದ ಮೇಲೂ ‘ಅಣ್ಣ ಸರಿ ಮಾಡ್ತಾನ’ ಎಂದು ಕಾದರೆ ಆ ಮೂರು ವರ್ಷ ಹೋಗುತ್ತದೆ.

ಬದುವು ಸರಿಸಿ ಒತ್ತಿಕೊಂಡವರ ವಿರುದ್ಧ, ಅವರ ಸ್ವಾಧೀನ ನಿಮ್ಮ ಹಕ್ಕಿಗೆ ವಿರುದ್ಧವಾದ ದಿನದಿಂದ 12 ವರ್ಷ. ಸಾಲದ ಮುದ್ದತು ಮೀರಿದರೆ ಕೋರ್ಟಿನ ದಾರಿ ಮಾತ್ರ ಮುಚ್ಚುತ್ತದೆ, ಸಾಲ ಸಾಲವಾಗಿಯೇ ಉಳಿಯುತ್ತದೆ. ಭೂಮಿಯಲ್ಲಿ ಹಾಗಲ್ಲ. 27ನೇ ಕಲಮಿನ ಪ್ರಕಾರ ಹಕ್ಕೇ ಅಳಿಯುತ್ತದೆ. ನೀವೇ ಲಾವಣಿಗೆ ಅಥವಾ ಬಾಡಿಗೆಗೆ ಕೊಟ್ಟವರಿಗೆ ಬರೇ ವರ್ಷ ಕಳೆದದ್ದರಿಂದ ಒಡೆತನ ಬರುವುದಿಲ್ಲ.

ದಾವೆ ಗೆದ್ದವರೂ ಮೈಮರೆಯಬೇಡಿ. ಡಿಕ್ರಿ ಜಾರಿ ಮಾಡಿಸಲು 12 ವರ್ಷ. ಏನನ್ನಾದರೂ ಕೆಡವಿಸುವ, ತೆಗೆಸುವ ಕಡ್ಡಾಯ ಆಜ್ಞೆಯಾದರೆ 3 ವರ್ಷ ಮಾತ್ರ.

7. ಅಪರಾಧವಾದರೆ ಶಿಕ್ಷೆಯ ಪ್ರಮಾಣ ನೋಡಿ

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಮುದ್ದತಿನ ಅಳತೆ ಬದಲಾಗಿಲ್ಲ, ಈಗ ಅದು 514ನೇ ಕಲಮಿನಲ್ಲಿದೆ. ಬರೇ ದಂಡವಿರುವ ಅಪರಾಧಕ್ಕೆ 6 ತಿಂಗಳು. ಒಂದು ವರ್ಷದವರೆಗೆ ಜೈಲಿರುವುದಕ್ಕೆ 1 ವರ್ಷ. ಒಂದರಿಂದ ಮೂರು ವರ್ಷದವರೆಗೆ ಜೈಲಿರುವುದಕ್ಕೆ 3 ವರ್ಷ. ಅದಕ್ಕಿಂತ ಹೆಚ್ಚಿನ ಶಿಕ್ಷೆ ಇರುವ ಕೊಲೆ, ಅತ್ಯಾಚಾರ, ದರೋಡೆ, ವಂಚಿಸಿ ಆಸ್ತಿ ಪಡೆಯುವುದು ಇಂಥವಕ್ಕೆ ಮಿತಿಯೇ ಇಲ್ಲ.

ಜಗಳದಲ್ಲಿ ಸಾಧಾರಣ ಗಾಯ ಮಾಡಿದ್ದಕ್ಕೆ ಗರಿಷ್ಠ ಶಿಕ್ಷೆ ಒಂದು ವರ್ಷ, ಹೀಗಾಗಿ ಮುದ್ದತು ಒಂದು ವರ್ಷ. ಮಾನಹಾನಿಗೆ ಎರಡು ವರ್ಷದವರೆಗೆ ಶಿಕ್ಷೆ, ಹೀಗಾಗಿ ಕ್ರಿಮಿನಲ್ ದೂರಿಗೆ ಮೂರು ವರ್ಷ. ಅದೇ ಮಾನಹಾನಿಗೆ ಪರಿಹಾರ ಕೇಳುವ ಸಿವಿಲ್ ದಾವೆಗೆ ಒಂದೇ ವರ್ಷ ಎಂಬುದು ಮರೆಯದಿರಲಿ. ಎಣಿಕೆ ಅಪರಾಧ ನಡೆದ ದಿನದಿಂದ. ಅಪರಾಧ ಆಗ ಗೊತ್ತೇ ಇರದಿದ್ದರೆ ಗೊತ್ತಾದ ದಿನದಿಂದ. ಮಾಡಿದವರು ಯಾರೆಂದು ತಿಳಿಯದಿದ್ದರೆ ತಿಳಿದ ದಿನದಿಂದ. ಲೆಕ್ಕಕ್ಕೆ ಬರುವುದು ಕೋರ್ಟಿನಲ್ಲಿ ದೂರು ಸಲ್ಲಿಸಿದ ಅಥವಾ ಪೊಲೀಸರು ಮಾಹಿತಿ ದಾಖಲಿಸಿದ ದಿನ. ಠಾಣೆಗೆ ಹೋಗಿ ಬಂದೆ ಎಂಬುದು ಸಾಲದು. ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕು, ಕೇಳಿ ಪಡೆಯಿರಿ. ತಡವಾಗಿದ್ದರೆ, ಕಾರಣ ಸರಿ ಅನ್ನಿಸಿದರೆ ಅಥವಾ ನ್ಯಾಯಕ್ಕೆ ಅಗತ್ಯವೆನಿಸಿದರೆ ನ್ಯಾಯಾಲಯ ಅವಧಿ ಮೀರಿದ್ದನ್ನೂ ಒಪ್ಪಬಹುದು.

ಮಿತಿಯಿಲ್ಲದ ಅಪರಾಧಗಳಲ್ಲೂ ತಡ ಮಾಡಬೇಡಿ. ಸಾಕ್ಷಿಗಳು ಊರು ಬಿಡುತ್ತಾರೆ, ಸಿಸಿಟಿವಿ ದೃಶ್ಯ ಅಳಿಸಿಹೋಗುತ್ತದೆ.

8. ಮುದ್ದತು ದಾಟಿದೆ ಅನ್ನಿಸಿದರೆ

ಕೈಚೆಲ್ಲುವ ಮುನ್ನ ಐದು ಸಂಗತಿ ನೋಡಿ. ಹಕ್ಕು ಹುಟ್ಟಿದಾಗ ನೀವು 18 ತುಂಬದವರಾಗಿದ್ದರೆ ಎಣಿಕೆ 18 ತುಂಬಿದ ಮೇಲೆ, ಆದರೆ ಹಾಗೆ ಹೆಚ್ಚಾಗಿ ಸಿಗುವುದು 3 ವರ್ಷಕ್ಕಿಂತ ಮೇಲಿಲ್ಲ. ಮೋಸದಿಂದ ವಿಷಯ ಮುಚ್ಚಿಟ್ಟಿದ್ದರೆ ಅದು ಬಯಲಾದ ದಿನದಿಂದ. ಅಧಿಕಾರವಿಲ್ಲದ ಕೋರ್ಟಿನಲ್ಲಿ ಪ್ರಾಮಾಣಿಕವಾಗಿ ದಾವೆ ನಡೆಸಿ ಕಳೆದ ಕಾಲವನ್ನು ಬಿಡಲಾಗುತ್ತದೆ. ಕೋವಿಡ್ ಕಾಲದ 2020ರ ಮಾರ್ಚ್ 15ರಿಂದ 2022ರ ಫೆಬ್ರುವರಿ 28ರವರೆಗಿನ ಅವಧಿಯನ್ನು ಸುಪ್ರೀಂ ಕೋರ್ಟ್ ಲೆಕ್ಕದಿಂದ ತೆಗೆದಿದೆ. 12 ವರ್ಷದ ಮುದ್ದತು ಇರುವವರಿಗೆ ಇದು ಈಗಲೂ ಉಪಯೋಗಕ್ಕೆ ಬರುತ್ತದೆ. ಐದನೆಯದು, ಮುದ್ದತು ಮೀರಿದ ಸಾಲವನ್ನೂ ‘ಕೊಡುತ್ತೇನೆ’ ಎಂದು ಸಾಲಗಾರರು ಹೊಸದಾಗಿ ಬರೆದು ಸಹಿ ಮಾಡಿದರೆ 1872ರ ಕರಾರು ಕಾಯ್ದೆಯ 25ನೇ ಕಲಮಿನ ಪ್ರಕಾರ ಅದು ಊರ್ಜಿತ. ‘ಬಾಕಿ ಇದೆ’ ಎಂಬ ಮಾತು ಆಗ ಸಾಲದು, ‘ಕೊಡುತ್ತೇನೆ’ ಎಂಬ ವಚನ ಇರಬೇಕು.

‘ತಡ ಆದ್ರ ಕೋರ್ಟು ಮಾಫಿ ಮಾಡ್ತದ’ ಎಂಬ ಮಾತು ಮೇಲ್ಮನವಿಗೆ, ಅರ್ಜಿಗಳಿಗೆ ಹೊಂದುತ್ತದೆ. ಮೂಲ ದಾವೆಗೆ ಆ ಮಾಫಿ ಇಲ್ಲ. ಮೇಲ್ಮನವಿಗೆ ಜಿಲ್ಲಾ ಮಟ್ಟದಲ್ಲಿ 30 ದಿನ, ಧಾರವಾಡದ ಹೈಕೋರ್ಟ್ ಪೀಠಕ್ಕಾದರೆ 90 ದಿನ. ತೀರ್ಪಿನ ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳನ್ನು ಇದರಲ್ಲಿ ಬಿಡಲಾಗುತ್ತದೆ. ಅದಕ್ಕೇ ತೀರ್ಪಾದ ದಿನವೇ ನಕಲಿಗೆ ಅರ್ಜಿ ಹಾಕಿ.

ಈಗ ಸಾಲ ಪಡೆದವರ ಕಡೆಗೂ ಒಂದು ಮಾತು. ಬಹಳ ಹಳೆಯ ಬಾಕಿಯ ಹೆಸರಲ್ಲಿ ವಸೂಲಿಯವರು ಬಂದು ‘ಒಂದು ಸಹಿ ಮಾಡ್ರಿ, ಐದು ನೂರು ಕಟ್ರಿ ಸಾಕು’ ಅಂದರೆ ಮೊದಲು ಕೊನೆಯ ಸಹಿ, ಕೊನೆಯ ಪಾವತಿ ಯಾವತ್ತಿನದು ಕೇಳಿ. ಓದದೆ ಯಾವ ಕಾಗದಕ್ಕೂ ಸಹಿ ಬೇಡ. ಆದರೆ ಕೋರ್ಟಿನಿಂದ ಸಮನ್ಸ್ ಬಂದರೆ ‘ಹಳೇ ಸಾಲ, ಹೆಂಗೂ ಬಿದ್ದುಹೋಗ್ತದ’ ಎಂದು ಮನೆಯಲ್ಲಿ ಕೂರಬೇಡಿ. ಹಾಜರಾಗದಿದ್ದರೆ ಏಕಪಕ್ಷೀಯ ಡಿಕ್ರಿ ಆಗಬಹುದು. ಅದನ್ನು ತೆಗೆಸಲು ಅರ್ಜಿ ಹಾಕಲು 30 ದಿನ ಮಾತ್ರ ಇರುತ್ತದೆ.

9. ವಕೀಲರ ಬಳಿ ಹೋಗುವಾಗ

ಕೊನೆಯ ದಿನಕ್ಕಿಂತ ಕನಿಷ್ಠ ಮೂರು ತಿಂಗಳು ಮುಂಚೆ ಹೋಗಿ. ಸರಕಾರದ ವಿರುದ್ಧ ದಾವೆಯಾದರೆ ಮೊದಲು ಎರಡು ತಿಂಗಳ ನೋಟಿಸು ಕೊಡಬೇಕಾಗುತ್ತದೆ. ಕೋರ್ಟ್ ಫೀ ಹೊಂದಿಸಲಿಕ್ಕೂ ಸಮಯ ಬೇಕು. ಹೆಣ್ಣುಮಕ್ಕಳು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರನ್ನು ಕೇಳಬಹುದು. ಧಾರವಾಡ, ಗದಗ, ಹಾವೇರಿ ಮೂರೂ ಕಡೆ ಪ್ರಾಧಿಕಾರ ಇದೆ. ಉಚಿತ ಸಹಾಯವಾಣಿ 15100.

ವಕಾಲತ್ತಿಗೆ, ಅಂದರೆ ವಕೀಲರಿಗೆ ಕೇಸು ಒಪ್ಪಿಸುವ ಪತ್ರಕ್ಕೆ, ಸಹಿ ಮಾಡಿ ಬಂದರೆ ದಾವೆ ದಾಖಲಾಯಿತು ಅಂದುಕೊಳ್ಳಬೇಡಿ. ಸಲ್ಲಿಸಿದ ದಿನ ಯಾವುದು ಎಂದು ಕೇಳಿ, ಫೈಲಿಂಗ್ ನಂಬರ್ ಬರೆದುಕೊಳ್ಳಿ, ಇ-ಕೋರ್ಟ್ಸ್ ಆ್ಯಪಿನಲ್ಲಿ ನೀವೇ ನೋಡಿ. ಅಲ್ಲಿ ಕಾಣುವ ತಾರೀಖನ್ನು ನೀವು ಮೊದಲು ಬರೆದಿಟ್ಟ ಹಾಳೆಯ ಕೊನೆಯ ದಿನದ ಪಕ್ಕದಲ್ಲಿ ಗುರುತು ಮಾಡಿಕೊಳ್ಳಿ.